ಮುಕ್ತ ತಂತ್ರಾಂಶದ ಯೋಜನಾಕೂಟಗಳು

ಹಲವರು ಕೂಡಿ ಒಂದು ಕಾರ್ಯವನ್ನು ಕೈಗೊಳ್ಳಬೇಕಾದರೆ ಮೊದಲು ಅವರು ಒಂದೆಡೆ ಕುಳಿತು ಆಲೋಚಿಸಬೇಕಾಗುತ್ತದೆ. ಕೆರೆಯ ಹೂಳನ್ನು ತೆಗೆಯುವುದಾಗಲಿ, ಕಾಲೇಜಿನ ವಾರ್ಷಿಕೋತ್ಸವವನ್ನು ನಡೆಸುವುದಾಗಲಿ ಈ ನಿಯಮಕ್ಕೆ ಹೊರತಲ್ಲ. ಆದರೆ ಕುಳಿತು ಮಾತನಾಡಿದ ಮಾತ್ರಕ್ಕೆ ಕಾರ್ಯವು ಕೈಗೂಡುವುದೆಂಬ ಭರವಸೆ ಇಲ್ಲ. ಸಭೆ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ, ಆದ ತೀರ್ಮಾನವೇನೆಂದು ವಿಚಾರಿಸಿದರೆ ಹತ್ತು ಮಂದಿ ಹತ್ತು ಬಗೆಯ ಉತ್ತರ ಹೇಳುವುದುಂಟು. ಮಾಡುವವರು ಯಾರೆಂದು ವಿಚಾರಿಸಿದರೆ ಒಬ್ಬರು ಇನ್ನೊಬ್ಬರ ಮುಖ ನೋಡುವುದೂ ಉಂಟು.

ಕಾರ್ಖಾನೆಯಲ್ಲಿಯೋ ಕಚೇರಿಯಲ್ಲಿಯೋ ಈ ಕೊರತೆಯನ್ನು ಮೇಲಧಿಕಾರಿಯ ಆಜ್ಞೆಯು ತುಂಬಿಕೊಡುತ್ತದೆ. ಆಜ್ಞೆ ಮಾಡುವವರೇ ಇಲ್ಲದ ಕಡೆ ಏನು ಗತಿ? ಇದು ಬರಿಯ ತರ್ಕದ ಪ್ರಶ್ನೆಯಲ್ಲ. ನಮ್ಮ ವಿದ್ಯಾರ್ಥಿಗಳ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೆ ಕೆಲಸ ಮಾಡುತ್ತಿರುವ ಲಿನಕ್ಸ್ ಎಂಬ ತಂತ್ರಾಂಶವನ್ನು ರಚಿಸಿದವರು ಒಂದು ಸಂಸ್ಥೆಯ ನೌಕರರಲ್ಲ. ನಾನಾ ದೇಶಗಳಲ್ಲಿ ಚದುರಿಹೋಗಿರುವ ಸಹಸ್ರಾರು ಮಂದಿ. ಅವರಿಗೆಲ್ಲ ಸಂಬಳ ಕೊಡುವ ಒಬ್ಬ ಯಜಮಾನನಿಲ್ಲ. ಇಂಥವರು ಯೋಜನೆಯನ್ನು ಹೇಗೆ ಹಾಕಿಕೊಳ್ಳುತ್ತಾರೆ, ಅದಕ್ಕಾಗಿ ಸೇರುವ ಕೂಟಗಳನ್ನು ಯಾವ ಕ್ರಮದಲ್ಲಿ ನಡೆಸುತ್ತಾರೆ ಎಂಬುದನ್ನು ಈ ಲೇಖನದಲ್ಲಿ ವಿವೇಚಿಸೋಣ.

ಮುಕ್ತ ತಂತ್ರಾಂಶದ ಸ್ವರೂಪ

ತಂತ್ರಾಂಶವೆಂದರೆ ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ವಿಧಿಸುವ ಬರಹ. ಮನುಷ್ಯನು ಓದಬಲ್ಲ ರೂಪದಲ್ಲಿರುವ ಈ ಬರಹಕ್ಕೆ ಸೋರ್ಸ್ ಕೋಡ್ ಅಥವಾ ಆಕರ ಸಂಕೇತವೆಂದು ಹೆಸರು. ವ್ಯಾಪಾರ ಸಂಸ್ಥೆಗಳು ಸಾಮಾನ್ಯವಾಗಿ ಇದನ್ನು ಗುಟ್ಟಾಗಿಟ್ಟು, ಯಂತ್ರವು ಮಾತ್ರ ಓದಬಲ್ಲ ರೂಪವನ್ನು ಮಾರುತ್ತವೆ. ಮುಕ್ತ ತಂತ್ರಾಂಶದಲ್ಲಿ ಹಾಗಲ್ಲ. ಅದರ ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಇತರರಿಗೆ ಹಂಚಬಹುದು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ೧೯೮೩ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿ ಈ ಚಳವಳಿಗೆ ತಳಹದಿ ಹಾಕಿದರು. ೧೯೯೧ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್‌ವಾಲ್ಡ್ಸ್ ಲಿನಕ್ಸ್ ತಿರುಳನ್ನು ಬರೆಯಲು ಮೊದಲುಮಾಡಿದರು. ಇಂದು ಬಳಕೆಯಲ್ಲಿರುವ ಓಪನ್ ಸೋರ್ಸ್ ಎಂಬ ಹೆಸರು ೧೯೯೮ರಲ್ಲಿ ಹುಟ್ಟಿತು.

ನಮ್ಮ ವಿಷಯಕ್ಕೆ ಮುಖ್ಯವಾದ ಅಂಶ ಒಂದೇ. ಇಂಥ ಯೋಜನೆಯಲ್ಲಿ ದುಡಿಯುವವನು 'ಒಲ್ಲೆ' ಎನ್ನಲು ಸ್ವತಂತ್ರನು. ಬಹುಮತದ ತೀರ್ಮಾನ ಅವನಿಗೆ ಹಿಡಿಸದಿದ್ದರೆ ಕೆಲಸ ಬಿಟ್ಟು ಸುಮ್ಮನಿರಬಹುದು. ಇಲ್ಲವೆ ಆಕರ ಸಂಕೇತದ ಒಂದು ಪ್ರತಿಯನ್ನು ತೆಗೆದುಕೊಂಡು ಹೋಗಿ ಬೇರೆ ಯೋಜನೆಯನ್ನೇ ಆರಂಭಿಸಬಹುದು. ಆದಕಾರಣ ಇಲ್ಲಿ ಕೂಟದ ತೀರ್ಮಾನಕ್ಕೆ ಕಾನೂನಿನ ಬಲವಿಲ್ಲ; ಒಪ್ಪಿಗೆಯ ಬಲವೊಂದೇ ಇದೆ. ಮುಂದೆ ಹೇಳುವ ಎಲ್ಲ ಕ್ರಮಗಳೂ ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಕೂಟವೇತಕ್ಕೆ?

ತಂತ್ರಾಂಶ ರಚಕರು ದಿನನಿತ್ಯದ ವ್ಯವಹಾರವನ್ನು ಬರವಣಿಗೆಯಲ್ಲಿಯೇ ನಡೆಸುತ್ತಾರೆ. ಹೀಗಿರುವಾಗ ಒಂದೆಡೆ ಸೇರುವ ಅಗತ್ಯವೇನು ಎಂದು ಕೇಳಬಹುದು. ಇದಕ್ಕೆ ಉತ್ತರ ಒಂದು ಸುಲಭವಾದ ಲೆಕ್ಕದಲ್ಲಿದೆ.

ಒಂದು ಗುಂಪಿನಲ್ಲಿ ಪ್ರತಿಯೊಬ್ಬನೂ ಉಳಿದ ಪ್ರತಿಯೊಬ್ಬನೊಡನೆ ಸಮಾಲೋಚಿಸಬೇಕೆಂದು ಭಾವಿಸೋಣ. ಗುಂಪಿನಲ್ಲಿ ಕ ಮಂದಿ ಇದ್ದರೆ ಒಟ್ಟು ಜೋಡಿಗಳ ಸಂಖ್ಯೆ ಕ × (ಕ – ೧) ÷ ೨. ಎಂಟು ಮಂದಿಗೆ ೨೮ ಜೋಡಿಗಳು. ಇಪ್ಪತ್ತು ಮಂದಿಗೆ ೧೯೦. ಮುನ್ನೂರು ಮಂದಿಗೆ ೪೪,೮೫೦. ಜನಸಂಖ್ಯೆಯು ಹದಿನೈದರಷ್ಟಾದಾಗ ಜೋಡಿಗಳ ಸಂಖ್ಯೆ ಸುಮಾರು ೨೩೬ರಷ್ಟಾಗಿದೆ ಎಂಬುದನ್ನು ಗಮನಿಸಬೇಕು. ಐಬಿಎಂ ಸಂಸ್ಥೆಯಲ್ಲಿ ದೊಡ್ಡದೊಂದು ತಂತ್ರಾಂಶದ ನಿರ್ಮಾಣವನ್ನು ನಡೆಸಿದ ಫ್ರೆಡರಿಕ್ ಬ್ರೂಕ್ಸ್ ೧೯೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಲೆಕ್ಕವನ್ನೇ ಮುಂದಿಟ್ಟು, ತಡವಾಗಿರುವ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನೂ ತಡವಾಗುವುದೇಕೆಂದು ವಿವರಿಸಿದರು.

ಈಗ ಆ ಮುನ್ನೂರು ಮಂದಿಯನ್ನು ಹದಿನೈದು ಹದಿನೈದರಂತೆ ಇಪ್ಪತ್ತು ಕೊಠಡಿಗಳಲ್ಲಿ ಕುಳ್ಳಿರಿಸೋಣ. ಪ್ರತಿ ಕೊಠಡಿಯಲ್ಲಿ ೧೦೫ ಜೋಡಿಗಳು, ಒಟ್ಟು ೨,೧೦೦. ಮೊದಲಿನ ಸಂಖ್ಯೆಯ ಇಪ್ಪತ್ತೊಂದರಲ್ಲಿ ಒಂದು ಪಾಲಿಗೆ ಇಳಿಯಿತು. ಒಂದು ತಿಂಗಳು ಕಾಗದ ಬರೆದರೂ ಬಿಡಿಸಲಾರದ ತೊಡಕನ್ನು ಹದಿನೈದು ಮಂದಿ ಎದುರುಬದುರು ಕುಳಿತು ಒಂದು ಗಂಟೆಯಲ್ಲಿ ಬಿಡಿಸಬಹುದು. ಆದರೆ ಹೀಗೆ ವಿಭಾಗಿಸಿದಾಗ ಒಂದು ಕೊಠಡಿಯ ತೀರ್ಮಾನ ಇನ್ನೊಂದು ಕೊಠಡಿಗೆ ತಿಳಿಯುವುದಿಲ್ಲ. ಯೋಜನಾಕೂಟವನ್ನು ನಡೆಸುವ ಕಲೆಯೆಲ್ಲ ಈ ಎರಡು ತುದಿಗಳ ನಡುವೆ ಇದೆ: ಗುಂಪು ಚಿಕ್ಕದಾಗಿರಬೇಕು, ತಿಳಿವಳಿಕೆ ಮಾತ್ರ ಎಲ್ಲರಿಗೂ ಹರಡಬೇಕು.

ಒಂದು ನಿಜವಾದ ನಿದರ್ಶನ

ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ ಮೊದಲ ಆವೃತ್ತಿ ೨೦೦೪ರ ಅಕ್ಟೋಬರ್ ತಿಂಗಳಲ್ಲಿ ಹೊರಬಂದಿತು. ಆರು ತಿಂಗಳಿಗೊಮ್ಮೆ, ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಹೊಸ ಆವೃತ್ತಿಯನ್ನು ಹೊರತರುವುದು ಅದರ ಪದ್ಧತಿ. ಇದರ ಹಿಂದಿರುವ ಕೆನೋನಿಕಲ್ ಸಂಸ್ಥೆಯನ್ನು ಸ್ಥಾಪಿಸಿದವರು ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್. ಸಂಸ್ಥೆಯ ನೌಕರರಲ್ಲದೆ ಹೊರಗಿನ ಸ್ವಯಂಸೇವಕರೂ ಅನೇಕರು ಇದರಲ್ಲಿ ದುಡಿಯುತ್ತ ಬಂದಿದ್ದಾರೆ.

ಮೊದಲ ಆವೃತ್ತಿ ಹೊರಬಂದ ಎರಡು ತಿಂಗಳೊಳಗೆ, ೨೦೦೪ರ ಡಿಸೆಂಬರಿನಲ್ಲಿ, ಸ್ಪೇನ್ ದೇಶದ ಮಾತಾರೊ ಎಂಬ ಊರಿನಲ್ಲಿ ಇವರು ಮೊದಲ ಯೋಜನಾಕೂಟವನ್ನು ಸೇರಿಸಿದರು. ಮುಂದೆ ಇದು ಉಬುಂಟು ಡೆವಲಪರ್ ಸಮ್ಮಿಟ್ ಎಂಬ ಹೆಸರಿನಿಂದ ಆರು ತಿಂಗಳಿಗೊಮ್ಮೆ ನಡೆಯತೊಡಗಿತು. ೨೦೦೭ರಲ್ಲಿ ಸೆವಿಲ್, ೨೦೦೮ರಲ್ಲಿ ಪ್ರಾಗ್, ೨೦೦೯ರಲ್ಲಿ ಬಾರ್ಸಿಲೋನ, ೨೦೧೧ರಲ್ಲಿ ಬುಡಾಪೆಸ್ಟ್, ೨೦೧೨ರಲ್ಲಿ ಕೋಪನ್‌ಹೇಗನ್ ಹೀಗೆ ನಾನಾ ನಗರಗಳಲ್ಲಿ ಕೂಟಗಳು ಸೇರಿದುವು. ಆವೃತ್ತಿಯೊಂದರ ಕೆಲಸ ಆರಂಭವಾಗುವ ಹೊತ್ತಿಗೆ ಸುಮಾರು ಒಂದು ವಾರ ಕುಳಿತು, ಮುಂದಿನ ಆರು ತಿಂಗಳಲ್ಲಿ ಏನೇನು ಮಾಡತಕ್ಕದ್ದೆಂದು ಗೊತ್ತುಮಾಡುವುದೇ ಇದರ ಉದ್ದೇಶ.

ಇದು ಉಪನ್ಯಾಸಗಳ ಸಮ್ಮೇಳನವಲ್ಲವೆಂಬುದನ್ನು ಒತ್ತಿ ಹೇಳಬೇಕು. ಸಮ್ಮೇಳನದಲ್ಲಿ ಒಬ್ಬರು ಹೇಳುತ್ತಾರೆ, ಇನ್ನೂರು ಮಂದಿ ಕೇಳುತ್ತಾರೆ. ಯೋಜನಾಕೂಟದ ಗೋಷ್ಠಿಯಲ್ಲಿ ವೇದಿಕೆಯೇ ಇಲ್ಲ. ಪ್ರತಿ ಗೋಷ್ಠಿಗೂ ಒಂದು ಬರಹ ಆಧಾರವಾಗಿರುತ್ತದೆ. ಉಬುಂಟುವಿನಲ್ಲಿ ಅದಕ್ಕೆ ಕಟ್ಟಡ ಕಟ್ಟುವವರ ಮಾತನ್ನೇ ತೆಗೆದುಕೊಂಡು ನೀಲನಕ್ಷೆ, ಅಂದರೆ ಬ್ಲೂಪ್ರಿಂಟ್, ಎಂದು ಹೆಸರಿಟ್ಟಿದ್ದರು. ಚರ್ಚೆ ಬೇಕೆನ್ನುವವನು ಮುಂಚಿತವಾಗಿಯೇ ತನ್ನ ನೀಲನಕ್ಷೆಯನ್ನು ಎಲ್ಲರೂ ನೋಡಬಹುದಾದ ಕಡೆ ದಾಖಲು ಮಾಡಬೇಕು. ಆ ಗೋಷ್ಠಿಯಲ್ಲಿ ಇರಲೇಬೇಕಾದವರು ಯಾರು ಎಂಬುದೂ ಅಲ್ಲಿ ನಮೂದಾಗಬೇಕು. ಈ ಕೊನೆಯ ಅಂಶದಿಂದ ಒಂದು ಸ್ವಾರಸ್ಯವಾದ ಗಣಿತ ಸಮಸ್ಯೆ ಹುಟ್ಟುತ್ತದೆ.

ವೇಳಾಪಟ್ಟಿಯ ಗಣಿತ

ಒಬ್ಬನೇ ಮನುಷ್ಯ ಒಂದೇ ವೇಳೆಯಲ್ಲಿ ಎರಡು ಕೊಠಡಿಗಳಲ್ಲಿ ಇರಲಾರ. ಆದುದರಿಂದ ಒಬ್ಬನಾದರೂ ಸಮಾನವಾಗಿ ಬೇಕಾಗಿರುವ ಎರಡು ಗೋಷ್ಠಿಗಳನ್ನು ಒಂದೇ ಅವಧಿಯಲ್ಲಿ ಇಡಕೂಡದು. ಇದನ್ನು ಚಿತ್ರದಲ್ಲಿ ತೋರಿಸಬಹುದು. ಪ್ರತಿ ಗೋಷ್ಠಿಗೂ ಒಂದು ಬಿಂದುವನ್ನು ಇಟ್ಟು, ಘರ್ಷಣೆಯುಳ್ಳ ಎರಡು ಗೋಷ್ಠಿಗಳ ನಡುವೆ ಒಂದು ಗೆರೆ ಎಳೆಯಬೇಕು. ಗಣಿತಜ್ಞರು ಇಂಥ ಚಿತ್ರವನ್ನು ಗ್ರಾಫ್ ಎನ್ನುತ್ತಾರೆ. ಅವಧಿಗಳನ್ನು ಬಣ್ಣಗಳೆಂದು ಎಣಿಸಿದರೆ, ಗೆರೆಯಿಂದ ಕೂಡಿದ ಎರಡು ಬಿಂದುಗಳಿಗೆ ಒಂದೇ ಬಣ್ಣ ಬಾರದಂತೆ ಎಲ್ಲ ಬಿಂದುಗಳಿಗೂ ಬಣ್ಣ ಹಚ್ಚುವುದೇ ವೇಳಾಪಟ್ಟಿಯನ್ನು ತಯಾರಿಸುವುದಕ್ಕೆ ಸಮಾನ.

ಉದಾಹರಣೆಗೆ ಆರು ಗೋಷ್ಠಿಗಳನ್ನು ಊಹಿಸೋಣ: ತಿರುಳು, ಧ್ವನಿ, ಅನುಸ್ಥಾಪನೆ, ಭಾಷಾಂತರ, ಅಕ್ಷರರೂಪ, ಕೈಪಿಡಿ. ತಿರುಳನ್ನು ಬಲ್ಲವನು ಧ್ವನಿಯ ಗೋಷ್ಠಿಗೂ ಅನುಸ್ಥಾಪನೆಯ ಗೋಷ್ಠಿಗೂ ಬೇಕು. ಭಾಷಾಂತರಕಾರನೊಬ್ಬನು ಅಕ್ಷರರೂಪದ ಗೋಷ್ಠಿಯಲ್ಲಿಯೂ ಇರಬೇಕು. ಅನುಸ್ಥಾಪನೆ, ಭಾಷಾಂತರ, ಕೈಪಿಡಿ ಈ ಮೂರರಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಸಮಾನವಾಗಿ ಬೇಕಾದವರಿದ್ದಾರೆ. ಹೀಗೆ ಒಟ್ಟು ಆರು ಗೆರೆಗಳಾದುವು.

ಕೊನೆಯ ಮೂರು ಗೋಷ್ಠಿಗಳು ಒಂದು ತ್ರಿಕೋನವನ್ನು ಉಂಟುಮಾಡುತ್ತವೆ. ತ್ರಿಕೋನದ ಮೂರು ಮೂಲೆಗಳಿಗೂ ಬೇರೆ ಬೇರೆ ಬಣ್ಣ ಬೇಕು. ಆದ್ದರಿಂದ ಮೂರಕ್ಕಿಂತ ಕಡಿಮೆ ಅವಧಿಗಳಲ್ಲಿ ಕಾರ್ಯ ಮುಗಿಯದು. ಮೂರು ಸಾಕೆ? ಮೊದಲನೆಯ ಅವಧಿಯಲ್ಲಿ ಅನುಸ್ಥಾಪನೆ ಮತ್ತು ಧ್ವನಿ, ಎರಡನೆಯದರಲ್ಲಿ ತಿರುಳು ಮತ್ತು ಭಾಷಾಂತರ, ಮೂರನೆಯದರಲ್ಲಿ ಕೈಪಿಡಿ ಮತ್ತು ಅಕ್ಷರರೂಪ ಎಂದು ಇಟ್ಟರೆ ಎಲ್ಲಿಯೂ ಘರ್ಷಣೆಯಿಲ್ಲ. ಎರಡೇ ಕೊಠಡಿಗಳು ಸಾಕು, ಮೂರೇ ಅವಧಿಗಳು ಸಾಕು.

ಆರು ಗೋಷ್ಠಿಗಳಿಗೆ ಕಾಗದ ಪೆನ್ಸಿಲುಗಳಿಂದ ಮಾಡಬಹುದಾದುದನ್ನು ನೂರಾರು ಗೋಷ್ಠಿಗಳಿಗೆ ಮಾಡಲು ಹೊರಟರೆ ಪ್ರಯಾಸವು ಅಳತೆಮೀರಿ ಬೆಳೆಯುತ್ತದೆ. ಅತಿ ಕಡಿಮೆ ಬಣ್ಣಗಳನ್ನು ಕಂಡುಹಿಡಿಯುವ ಈ ಸಮಸ್ಯೆ ಗಣಕವಿಜ್ಞಾನದ ಅತಿ ಕಠಿಣ ಸಮಸ್ಯೆಗಳ ವರ್ಗಕ್ಕೆ ಸೇರಿದುದೆಂದು ರಿಚರ್ಡ್ ಕಾರ್ಪ್ ೧೯೭೨ರಲ್ಲಿ ತೋರಿಸಿಕೊಟ್ಟರು. ಆದರೆ ವ್ಯವಹಾರಕ್ಕೆ ಅತಿ ಕಡಿಮೆಯೇ ಬೇಕೆಂದಿಲ್ಲ. ಬಿಂದುಗಳನ್ನು ಒಂದೊಂದಾಗಿ ತೆಗೆದುಕೊಂಡು, ನೆರೆಯವುಗಳಿಗೆ ಹಚ್ಚದ ಮೊದಲ ಬಣ್ಣವನ್ನು ಹಚ್ಚುತ್ತ ಹೋದರೆ, ಒಂದು ಬಿಂದುವಿನಿಂದ ಹೊರಡುವ ಗೆರೆಗಳ ಗರಿಷ್ಠ ಸಂಖ್ಯೆಗಿಂತ ಒಂದು ಹೆಚ್ಚು ಬಣ್ಣಗಳು ಎಂದಿಗೂ ಸಾಕಾಗುತ್ತವೆ. ಇದರಿಂದ ಕೂಟದ ಸಂಘಟಕನಿಗೆ ಒಂದು ಪಾಠವುಂಟು. ಎಲ್ಲ ಗೋಷ್ಠಿಗಳಿಗೂ ಒಬ್ಬನೇ ಬೇಕೆಂದಾದರೆ ಪ್ರತಿ ಬಿಂದುವಿನಿಂದ ಪ್ರತಿ ಬಿಂದುವಿಗೂ ಗೆರೆ ಬೀಳುತ್ತದೆ. ನೂರು ಗೋಷ್ಠಿಗಳಿಗೆ ನೂರು ಅವಧಿಗಳು ಬೇಕಾಗುತ್ತವೆ. ವೇಳಾಪಟ್ಟಿ ಬಿಗಿಯಾದಾಗ ತಪ್ಪಿರುವುದು ಅನೇಕ ವೇಳೆ ಪಟ್ಟಿಯಲ್ಲಲ್ಲ. ತಿಳಿವಳಿಕೆಯೆಲ್ಲ ಒಬ್ಬನ ತಲೆಯಲ್ಲಿಯೇ ಕೂಡಿಬಿದ್ದಿರುವುದರಲ್ಲಿ.

ಗೋಷ್ಠಿಯ ಒಳಗೆ

ಇಪ್ಪತ್ತು ಮಂದಿ ಒಂದು ಗಂಟೆ ಕುಳಿತರೆ ವೆಚ್ಚವಾಗುವುದು ಒಂದು ಗಂಟೆಯಲ್ಲ, ಇಪ್ಪತ್ತು ಮನುಷ್ಯ-ಗಂಟೆಗಳು. ಮೊದಲೇ ಓದಿಕೊಂಡು ಬರಬಹುದಾಗಿದ್ದ ಸಂಗತಿಯನ್ನು ವಿವರಿಸುವುದರಲ್ಲಿ ಹದಿನೈದು ನಿಮಿಷಗಳು ಕಳೆದರೆ ಐದು ಮನುಷ್ಯ-ಗಂಟೆಗಳು ನಷ್ಟವಾದುವು. ಹೀಗಾಗಿ ಪೂರ್ವಸಿದ್ಧತೆ ಇಲ್ಲಿ ಶಿಷ್ಟಾಚಾರವಲ್ಲ, ಮಿತವ್ಯಯ.

ಗೋಷ್ಠಿಯಲ್ಲಿ ಇಬ್ಬರಿಗೆ ನಿಯತವಾದ ಕೆಲಸವಿರಬೇಕು. ಒಬ್ಬನು ನಿರ್ವಾಹಕ, ಮಾತು ದಾರಿ ತಪ್ಪದಂತೆಯೂ, ಮೌನವಾಗಿರುವವರಿಗೂ ಅವಕಾಶ ದೊರೆಯುವಂತೆಯೂ ನೋಡಿಕೊಳ್ಳುವುದು ಅವನ ಕೆಲಸ. ಇನ್ನೊಬ್ಬನು ಲಿಪಿಕಾರ. ಒಬ್ಬನೇ ಎರಡನ್ನೂ ಹೊತ್ತರೆ ಎರಡೂ ಕೆಡುತ್ತವೆ. ಉಬುಂಟು ಕೂಟಗಳಲ್ಲಿ ಲಿಪಿಕಾರನ ಬರಹವು ಗೋಡೆಯ ತೆರೆಯ ಮೇಲೆ ಆಗಿಂದಾಗಲೇ ಕಾಣುತ್ತಿತ್ತು. ಗಾಬಿ, ಅನಂತರ ಈಥರ್‌ಪ್ಯಾಡ್, ಎಂಬ ಸಾಧನಗಳಿಂದ ಹಲವರು ಏಕಕಾಲದಲ್ಲಿ ಅದೇ ಪುಟವನ್ನು ತಿದ್ದಬಹುದಾಗಿತ್ತು. ಇದರ ಲಾಭ ದೊಡ್ಡದು. ತನ್ನ ಮಾತನ್ನು ತಪ್ಪಾಗಿ ಬರೆದಿದ್ದಾರೆಂದು ಕಂಡವನು ಅಲ್ಲಿಯೇ ಹೇಳುತ್ತಾನೆ. ವಾರದ ಮೇಲೆ ಬರುವ ನಡಾವಳಿಯನ್ನು ಕಂಡು ಜಗಳವಾಡುವುದು ತಪ್ಪುತ್ತದೆ.

ಕುರ್ಚಿಗಳ ಜೋಡಣೆಯೂ ಅಲಕ್ಷ್ಯ ಮಾಡತಕ್ಕ ವಿಷಯವಲ್ಲ. ನಡುವೆ ಒಂದು ಸಣ್ಣ ವೃತ್ತದಲ್ಲಿ ಚರ್ಚೆಯಲ್ಲಿ ತೊಡಗಿರುವವರು, ಅದರ ಸುತ್ತ ಹೊರಸುತ್ತಿನಲ್ಲಿ ಕೇಳುವವರು. ಹೇಳಬೇಕಾದುದಿದ್ದವನು ಒಳಗೆ ಬಂದು ಕೂರುವುದು, ಹೇಳಿ ಮುಗಿಸಿದವನು ಎದ್ದು ಹೋಗುವುದು. ವೃತ್ತದ ನಡುವೆ ಧ್ವನಿಗ್ರಾಹಕ. ಇದರಲ್ಲಿ ಭೌತಶಾಸ್ತ್ರದ ಒಂದು ಅಂಶವೂ ಅಡಗಿದೆ. ಗೋಡೆಗಳ ಪ್ರತಿಫಲನವನ್ನು ಗಣಿಸದಿದ್ದರೆ ಧ್ವನಿಯ ತೀವ್ರತೆ ದೂರದ ವರ್ಗಕ್ಕೆ ವಿಲೋಮಾನುಪಾತದಲ್ಲಿ ಕುಗ್ಗುತ್ತದೆ. ಧ್ವನಿಗ್ರಾಹಕದಿಂದ ಒಂದು ಮೀಟರು ದೂರದಲ್ಲಿ ಕುಳಿತವನ ಮಾತಿಗೆ ಹೋಲಿಸಿದರೆ, ನಾಲ್ಕು ಮೀಟರು ದೂರದಲ್ಲಿ ಅಷ್ಟೇ ಗಟ್ಟಿಯಾಗಿ ಆಡಿದ ಮಾತು ಹದಿನಾರನೆಯ ಒಂದು ಪಾಲು ತೀವ್ರತೆಯಿಂದ ತಲಪುತ್ತದೆ. ಕೊಠಡಿಯಲ್ಲಿರುವವರಿಗೆ ಕೇಳಿದ ಮಾತು ದೂರದ ಊರಿನಿಂದ ಆಲಿಸುತ್ತಿರುವವನಿಗೆ ಕೇಳದೆ ಹೋಗುವುದು ಹೀಗೆಯೇ.

ಒಮ್ಮತವೆಂದರೇನು?

ಭಿನ್ನಾಭಿಪ್ರಾಯ ಬಂದಾಗ ಕೈಯೆತ್ತಿಸಿ ಎಣಿಸಿದರೆ ಮುಗಿಯಿತಲ್ಲವೆ ಎಂದು ತೋರಬಹುದು. ಮತಗಣನೆಯನ್ನು ಬಳಸುವ ಯೋಜನೆಗಳೂ ಉಂಟು. ೧೯೯೩ರಲ್ಲಿ ಆರಂಭವಾದ ಡೆಬಿಯನ್ ಯೋಜನೆ ತನ್ನ ಮುಖಂಡರನ್ನು ವರ್ಷಕ್ಕೊಮ್ಮೆ ಚುನಾಯಿಸುತ್ತದೆ. ಆದರೆ ತಾಂತ್ರಿಕ ಪ್ರಶ್ನೆಯಲ್ಲಿ ಮತಗಣನೆಗೆ ಎರಡು ದೋಷಗಳಿವೆ. ಮತ ಹಾಕಿದವರೇ ಕೆಲಸ ಮಾಡುವವರೆಂದು ಹೇಳಲಾಗದು. ಅಲ್ಲದೆ ಹತ್ತೊಂಬತ್ತು ಮಂದಿ ಕಾಣದ ಬಿರುಕನ್ನು ಇಪ್ಪತ್ತನೆಯವನೊಬ್ಬನೇ ಕಂಡಿರಬಹುದು. ಸೇತುವೆಯ ಭಾರವನ್ನು ಬಹುಮತದಿಂದ ಗೊತ್ತುಮಾಡುವುದುಂಟೆ?

ಈ ವಿಷಯದಲ್ಲಿ ಅನೇಕರಿಗೆ ಮಾದರಿಯಾದುದು ಇಂಟರ್‌ನೆಟ್ಟಿನ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್ ಎಂಬ ಮಂಡಲಿ. ೧೯೮೬ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ ಅದರ ಮೊದಲ ಸಭೆ ಸೇರಿದಾಗ ಬಂದಿದ್ದವರು ೨೧ ಮಂದಿ. ಅರಸರೂ ಅಧ್ಯಕ್ಷರೂ ಮತದಾನವೂ ತಮಗೆ ಬೇಡ, ಸ್ಥೂಲವಾದ ಒಮ್ಮತವೂ ನಡೆಯುವ ತಂತ್ರಾಂಶವೂ ಇದ್ದರೆ ಸಾಕು ಎಂಬ ಅರ್ಥದ ಮಾತನ್ನು ಡೇವಿಡ್ ಕ್ಲಾರ್ಕ್ ೧೯೯೨ರಲ್ಲಿ ಈ ಮಂಡಲಿಯ ಸಭೆಯ ಮುಂದೆ ಹೇಳಿದರು. ಅಲ್ಲಿ ಸಭೆಯ ಒಲವನ್ನು ತಿಳಿಯಲು ಕೈಯೆತ್ತಿಸುವುದರ ಬದಲು ಬಾಯಿ ತೆರೆಯದೆ ಗುನುಗುವ ವಿಚಿತ್ರ ಪದ್ಧತಿಯುಂಟು. ಗುನುಗನ್ನು ಎಣಿಸಲಾಗುವುದಿಲ್ಲ, ಯಾರು ಗುನುಗಿದರೆಂಬುದೂ ಸುಲಭವಾಗಿ ತಿಳಿಯದು. ಸಭೆ ಯಾವ ಕಡೆ ವಾಲಿದೆ ಎಂಬುದು ಮಾತ್ರ ತಿಳಿಯುತ್ತದೆ. ಚರ್ಚೆಯನ್ನು ಎಲ್ಲಿಂದ ಮುಂದುವರಿಸಬೇಕೆಂಬುದಕ್ಕೆ ಅಷ್ಟು ಸಾಕು.

ಸ್ಥೂಲ ಒಮ್ಮತವೆಂದರೆ ಎಲ್ಲರೂ ಸಂತೋಷಪಟ್ಟರೆಂದಲ್ಲ. ಪ್ರತಿ ಆಕ್ಷೇಪಣೆಗೂ ಕಾರಣಸಹಿತ ಉತ್ತರ ದೊರೆಯಿತೆಂದು ಅರ್ಥ. ೨೦೧೪ರಲ್ಲಿ ಪೀಟ್ ರೆಸ್ನಿಕ್ ಇದೇ ಮಂಡಲಿಗಾಗಿ ಬರೆದ ವಿವರಣೆಯಂತೆ, ನೂರು ಮಂದಿ ಒಪ್ಪಿ ಐವರು ಒಪ್ಪದಿದ್ದಾಗಲೂ ಒಮ್ಮತವಾಗಿಲ್ಲವೆನ್ನಬಹುದು, ಆ ಐವರ ಆಕ್ಷೇಪಣೆಗೆ ಯಾರೂ ಉತ್ತರ ಕೊಡದಿದ್ದರೆ. ಆಕ್ಷೇಪಿಸಿದವನಿಗೆ ಕೇಳತಕ್ಕ ಪ್ರಶ್ನೆ 'ನಿಮಗೆ ಇದು ಮೆಚ್ಚುಗೆಯೆ?' ಎಂದಲ್ಲ, 'ಇದನ್ನು ಸಹಿಸಲಾರದಷ್ಟು ದೋಷ ಯಾವುದು?' ಎಂದು.

ಕೂಟದ ಅನಂತರ

ಗೋಷ್ಠಿಯ ಕೊನೆಯ ಐದು ನಿಮಿಷಗಳು ಅದರ ಫಲವನ್ನು ನಿರ್ಧರಿಸುತ್ತವೆ. ತೀರ್ಮಾನವಾದುದನ್ನು ಕೆಲಸದ ಬಾಬುಗಳಾಗಿ ಬಿಡಿಸಿ ಬರೆಯಬೇಕು. ಪ್ರತಿ ಬಾಬಿನ ಎದುರಿಗೆ ಒಬ್ಬರ ಹೆಸರಿರಬೇಕು. 'ಅಕ್ಷರರೂಪವನ್ನು ಉತ್ತಮಪಡಿಸತಕ್ಕದ್ದು' ಎಂಬುದು ಬಾಬಲ್ಲ, ಹಾರೈಕೆ. 'ಒತ್ತಕ್ಷರಗಳ ಐವತ್ತು ಮಾದರಿ ಪದಗಳ ಪಟ್ಟಿಯನ್ನು ತಯಾರಿಸತಕ್ಕದ್ದು' ಎಂಬುದು ಬಾಬು. ಹೆಸರನ್ನು ಒಪ್ಪಿಗೆಯಿಂದಲೇ ಬರೆಯಬೇಕು. ಬಾರದವನ ತಲೆಗೆ ಕೆಲಸ ಕಟ್ಟುವುದು ಆಜ್ಞೆಯಿಲ್ಲದ ಸಮಾಜದಲ್ಲಿ ನಡೆಯದ ಮಾತು. ಯಾರೂ ಹೆಸರು ಕೊಡದ ಬಾಬನ್ನು ಮುಂದಕ್ಕೆ ಹಾಕಲಾಗಿದೆಯೆಂದು ಬರೆದುಬಿಡುವುದೇ ಪ್ರಾಮಾಣಿಕತೆ.

ಉಳಿದ ಬಾಬುಗಳ ಸಂಖ್ಯೆಯನ್ನು ವಾರವಾರವೂ ನಕ್ಷೆಯಲ್ಲಿ ಗುರುತಿಸುವ ಪದ್ಧತಿ ಉಬುಂಟುವಿನಲ್ಲಿತ್ತು. ಅರವತ್ತು ಬಾಬುಗಳನ್ನು ಇಪ್ಪತ್ತು ವಾರಗಳಲ್ಲಿ ಮುಗಿಸಬೇಕಾದರೆ ವಾರಕ್ಕೆ ಮೂರರಂತೆ ಇಳಿಯುವ ಸರಳರೇಖೆ ಆದರ್ಶ. ವಿದ್ಯಾರ್ಥಿಗಳು ಇದನ್ನು ವಿಕಿರಣ ಕ್ಷಯದ ರೇಖೆಯೊಡನೆ ಹೋಲಿಸಿ ನೋಡಬೇಕು. ಅರ್ಧಾಯುಷ್ಯ ಹತ್ತು ವಾರವಿದ್ದರೆ ಹತ್ತನೆಯ ವಾರದ ಕೊನೆಗೆ ಎರಡು ರೇಖೆಗಳೂ ಮೂವತ್ತನ್ನೇ ತೋರಿಸುತ್ತವೆ. ಆದರೆ ಇಪ್ಪತ್ತನೆಯ ವಾರಕ್ಕೆ ಸರಳರೇಖೆ ಸೊನ್ನೆಗೆ ಬರುತ್ತದೆ; ಕ್ಷಯರೇಖೆಯಲ್ಲಿ ಇನ್ನೂ ಹದಿನೈದು ಉಳಿದಿರುತ್ತದೆ. ಸುಲಭವಾದುವನ್ನು ಮೊದಲು ಮುಗಿಸಿ ಕಠಿಣವಾದುವನ್ನು ಕಡೆಗೆ ಉಳಿಸಿಕೊಂಡ ಗುಂಪಿನ ನಕ್ಷೆ ಈ ಎರಡನೆಯದನ್ನು ಹೋಲುತ್ತದೆ. ಅರ್ಧ ದಾರಿಯಲ್ಲಿ ಕಂಡ ಅಂಕಿ ಒಂದೇ ಆದರೂ ಭವಿಷ್ಯ ಒಂದೇ ಅಲ್ಲ.

ಬಾರದವನ ಹಕ್ಕು

ಇಲ್ಲಿಯವರೆಗೆ ಕೊಠಡಿಯಲ್ಲಿ ಇದ್ದವರ ಮಾತಾಯಿತು. ಆದರೆ ಮುಕ್ತ ಯೋಜನೆಯಲ್ಲಿ ಇದ್ದವರಿಗಿಂತ ಇಲ್ಲದವರೇ ಯಾವಾಗಲೂ ಹೆಚ್ಚು. ವಿಮಾನದ ವೆಚ್ಚ, ಪರದೇಶ ಪ್ರವೇಶದ ಅನುಮತಿ, ಪರೀಕ್ಷೆ, ಮನೆಯ ಹೊಣೆ ಇವುಗಳಲ್ಲಿ ಯಾವುದೊಂದು ಅಡ್ಡಬಂದರೂ ಬರುವ ಇಚ್ಛೆಯುಳ್ಳವನು ಹೊರಗುಳಿಯುತ್ತಾನೆ. ಕೆನೋನಿಕಲ್ ಸಂಸ್ಥೆ ಕೆಲವು ಸ್ವಯಂಸೇವಕರ ಪ್ರಯಾಣದ ವೆಚ್ಚವನ್ನು ವಹಿಸುತ್ತಿತ್ತು. ಗೋಷ್ಠಿಗಳ ಧ್ವನಿಯನ್ನು ಇಂಟರ್‌ನೆಟ್ಟಿನಲ್ಲಿ ಪ್ರಸಾರ ಮಾಡಿ, ದೂರದವರು ಬರೆದ ಪ್ರಶ್ನೆಗಳನ್ನು ತೆರೆಯ ಮೇಲೆ ತೋರಿಸುತ್ತಿದ್ದರು. ೨೦೧೩ರ ಮಾರ್ಚಿನಿಂದ ಈ ಕೂಟವನ್ನು ಸಂಪೂರ್ಣವಾಗಿ ದೂರದಿಂದಲೇ ನಡೆಸತೊಡಗಿದರು. ೨೦೧೨ರ ಕೋಪನ್‌ಹೇಗನ್ ಕೂಟವೇ ಆ ಮಾಲಿಕೆಯಲ್ಲಿ ಮುಖಾಮುಖಿಯಾಗಿ ನಡೆದ ಕೊನೆಯದು. ಇದರಿಂದ ಪ್ರಯಾಣದ ಅಡ್ಡಿ ಕಳೆಯಿತು. ಊಟದ ಮೇಜಿನಲ್ಲಿ, ಕಾಫಿಯ ವಿರಾಮದಲ್ಲಿ ಬಿಡಿಸಿಕೊಳ್ಳುತ್ತಿದ್ದ ತೊಡಕುಗಳಿಗೆ ಅವಕಾಶವೂ ಕಳೆಯಿತು.

ಉಬುಂಟುವಿನ ಮಾದರಿಯನ್ನೇ ಅನುಸರಿಸಿ ೨೦೧೦ರಲ್ಲಿ ತನ್ನ ಕೂಟಗಳನ್ನು ಆರಂಭಿಸಿದ ಓಪನ್‌ಸ್ಟ್ಯಾಕ್ ಯೋಜನೆ ಬೇರೆ ದಾರಿ ಹಿಡಿಯಿತು. ದೊಡ್ಡ ಸಮ್ಮೇಳನದ ಗದ್ದಲದ ನಡುವೆ ರಚಕರಿಗೆ ಏಕಾಗ್ರತೆ ದೊರೆಯಲಿಲ್ಲವಾಗಿ, ೨೦೧೭ರಲ್ಲಿ ಅದನ್ನು ಎರಡಾಗಿ ಒಡೆದರು: ಬಳಸುವವರ ಅನುಭವವನ್ನು ಕೇಳುವುದಕ್ಕೆ ಒಂದು ಕೂಟ, ರಚಕರ ತಂಡಗಳು ಕುಳಿತು ಕೆಲಸ ಹಂಚಿಕೊಳ್ಳುವುದಕ್ಕೆ ಇನ್ನೊಂದು. ೨೦೨೦ರ ಸಾಂಕ್ರಾಮಿಕದ ವರ್ಷದಲ್ಲಿ ಈ ಎರಡನೆಯದೂ ದೂರಕೂಟವಾಯಿತು.

ದೂರಕೂಟಕ್ಕೆ ನಿಜವಾದ ತೊಡಕು ಯಾವುದು? ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೂ ಸುಮಾರು ೧೪,೦೦೦ ಕಿಲೋಮೀಟರು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಓಡುತ್ತದೆ. ನೇರವಾದ ತಂತುವಿದ್ದರೆ ಮಾತು ತಲಪಲು ಬೇಕಾಗುವುದು ಸೆಕೆಂಡಿನ ನೂರರಲ್ಲಿ ಏಳು ಪಾಲು ಮಾತ್ರ. ಆದುದರಿಂದ ತೊಡಕು ಬೆಳಕಿನದಲ್ಲ, ಭೂಮಿಯ ಆವರ್ತನದ್ದು. ಚಳಿಗಾಲದಲ್ಲಿ ಅಲ್ಲಿ ಬೆಳಗಿನ ೯ ಗಂಟೆಯಾದಾಗ ಇಲ್ಲಿ ರಾತ್ರಿ ಹತ್ತೂವರೆ. ಪ್ರತಿ ಸಲವೂ ಅಲ್ಲಿಯ ಬೆಳಗ್ಗೆಯನ್ನೇ ಆರಿಸಿದರೆ ಪ್ರತಿ ಸಲವೂ ನಿದ್ದೆಗೆಡುವವರು ಇಲ್ಲಿಯವರೇ. ವೇಳೆಯನ್ನು ಸರದಿಯಂತೆ ಬದಲಾಯಿಸುವುದು ನ್ಯಾಯ. ತೀರ್ಮಾನವನ್ನು ಒಂದು ವಾರ ತೆರೆದಿಟ್ಟು, ಬರಹದಲ್ಲಿ ಬಂದ ಆಕ್ಷೇಪಣೆಗಳಿಗೆ ಉತ್ತರಿಸಿದ ಮೇಲೆ ಸ್ಥಿರಪಡಿಸುವುದು ಇನ್ನೂ ಹೆಚ್ಚಿನ ನ್ಯಾಯ.

ಇದು ಪರರ ಮಾತಾಗದೆ ನಮ್ಮದೂ ಆಗಿದೆಯೆಂಬುದಕ್ಕೆ ಒಂದು ನಿದರ್ಶನ ಸಾಕು. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಗಣಕಯಂತ್ರದ ನೆನಪಿನಲ್ಲಿ ಅದು ಆರು ಸಂಕೇತಗಳ ಸಾಲು: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಗುರುತು. ಇವನ್ನು ಸರಿಯಾದ ಒತ್ತಕ್ಷರವಾಗಿ ಜೋಡಿಸಿ ತೆರೆಯ ಮೇಲೆ ಬರೆಯಲು ವಿಶೇಷ ತಂತ್ರಾಂಶ ಬೇಕು. ಈ ಶತಮಾನದ ಆದಿಯಲ್ಲಿ ಲಿನಕ್ಸಿನ ಎರಡು ಮುಖ್ಯ ಗಣಕಪರಿಸರಗಳಾದ ಗ್ನೋಮ್ ಮತ್ತು ಕೆಡಿಇಗಳಲ್ಲಿ ಈ ಜೋಡಣೆಗೆ ಪ್ರತ್ಯೇಕ ತಂತ್ರಾಂಶಗಳಿದ್ದುವು. ಒಂದರಲ್ಲಿ ತಿದ್ದಿದ ತಪ್ಪು ಇನ್ನೊಂದರಲ್ಲಿ ಹಾಗೆಯೇ ಉಳಿಯುತ್ತಿತ್ತು. ೨೦೦೬ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಅಕ್ಷರಜೋಡಣೆಯ ಬಗ್ಗೆಯೇ ಒಂದು ಕೂಟ ಸೇರಿತು. ಬೇರೆ ಬೇರೆ ಯೋಜನೆಗಳ ರಚಕರು ಎಲ್ಲರಿಗೂ ಸಮಾನವಾದ ಜೋಡಣೆಯ ತಂತ್ರಾಂಶವನ್ನು ಕುರಿತು ಆಲೋಚಿಸಿದರು. ಆ ದಾರಿಯಲ್ಲಿ ಬೆಳೆದ ಹಾರ್ಫ್‌ಬಜ್ ಎಂಬ ತಂತ್ರಾಂಶ ಇಂದು ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಇವುಗಳಲ್ಲೆಲ್ಲ ಕನ್ನಡವನ್ನು ಜೋಡಿಸುತ್ತಿದೆ. ಅದೆಲ್ಲವೂ ಒಂದು ಕೂಟದ ಫಲವೆನ್ನುವುದು ಅತಿಶಯೋಕ್ತಿಯಾದೀತು. ವರ್ಷಗಟ್ಟಲೆ ದುಡಿದವರ ಪರಿಶ್ರಮ ಅದರಲ್ಲಿದೆ. ಆದರೂ ನಮ್ಮ ಒತ್ತಕ್ಷರ ತೆರೆಯ ಮೇಲೆ ಹೇಗೆ ಮೂಡಬೇಕೆಂಬ ವಿಚಾರ ಎಲ್ಲಿಯೋ ಒಂದು ಕೊಠಡಿಯಲ್ಲಿ ನಡೆಯುತ್ತದೆಂಬುದು ನಿಜ. ಅಲ್ಲಿಯ ನಡಾವಳಿ ತೆರೆದಿದ್ದರೆ ಧಾರವಾಡದ ವಿದ್ಯಾರ್ಥಿಯೊಬ್ಬಳು ಅದನ್ನು ಓದಿ, ಅರ್ಕಾವತ್ತು ತಪ್ಪಾಗಿದೆಯೆಂದು ಬರೆದು ತಿಳಿಸಬಲ್ಲಳು. ಮುಚ್ಚಿದ್ದರೆ ಅವಳ ಭಾಷೆಯನ್ನು ಅವಳನ್ನು ಕೇಳದೆಯೇ ತೀರ್ಮಾನಿಸಿದಂತಾಯಿತು.

ಕೂಟಗಳು ದೂರದ ದೇಶಗಳಲ್ಲಿ ಮಾತ್ರ ನಡೆಯುತ್ತವೆಂದೇನೂ ಇಲ್ಲ. ೨೦೦೧ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಿಂದ ಆರಂಭವಾಗಿ ಅನಂತರ ಫಾಸ್ ಡಾಟ್ ಇನ್ ಎಂದಾದ ಸಮ್ಮೇಳನ ೨೦೧೨ರವರೆಗೆ ಬೆಂಗಳೂರಿನಲ್ಲಿ ನಡೆಯಿತು. ಡೆಬಿಯನ್ ಯೋಜನೆಯ ವಾರ್ಷಿಕ ಸಮ್ಮೇಳನ ೨೦೨೩ರಲ್ಲಿ ಕೊಚ್ಚಿಯಲ್ಲಿ ಸೇರಿತ್ತು.

ಮೇಲೆ ಹೇಳಿದುದರ ಸಾರವಿಷ್ಟು. ಆಜ್ಞೆಯಿಲ್ಲದ ಕಡೆ ಯೋಜನೆ ನಿಲ್ಲಬೇಕಾದರೆ, ಮಾಡುವವನು ಒಪ್ಪಿರಬೇಕು, ಆಕ್ಷೇಪಿಸಿದವನಿಗೆ ಉತ್ತರ ದೊರೆತಿರಬೇಕು, ಬಾರದವನಿಗೆ ಎಲ್ಲವೂ ಓದಸಿಗಬೇಕು. ಕೂಟದ ಯಶಸ್ಸನ್ನು ಅಳೆಯಲು ಚಪ್ಪಾಳೆಯಾಗಲಿ ಹಾಜರಿಯ ಸಂಖ್ಯೆಯಾಗಲಿ ಅಳತೆಗೋಲಲ್ಲ. ಅಂದು ಬಾರದಿದ್ದ ಒಬ್ಬನು ಮರುದಿನ ನಡಾವಳಿಯನ್ನು ಓದಿ, ಯಾರನ್ನೂ ಕೇಳದೆ, ತನ್ನ ಪಾಲಿನ ಕೆಲಸವನ್ನು ಆರಂಭಿಸಬಲ್ಲನೆ ಎಂಬುದೇ ಸರಿಯಾದ ಪರೀಕ್ಷೆ. ನಮ್ಮ ಕಾಲೇಜುಗಳ ವಿಜ್ಞಾನ ಸಂಘಗಳೂ ತಮ್ಮ ಮುಂದಿನ ಸಭೆಯನ್ನು ಈ ಪರೀಕ್ಷೆಗೆ ಒಡ್ಡಿ ನೋಡಬಹುದು.

ಅಭ್ಯಾಸ

೧. ಹನ್ನೆರಡು ಮಂದಿಯ ಗುಂಪಿನಲ್ಲಿ ಎಷ್ಟು ಜೋಡಿಗಳಿವೆ? ಅದನ್ನು ನಾಲ್ವರಂತೆ ಮೂರು ಗುಂಪುಗಳಾಗಿ ಒಡೆದರೆ ಎಷ್ಟಾಗುತ್ತವೆ? ಹೀಗೆ ಒಡೆದುದರಿಂದಾದ ನಷ್ಟವೇನು?

೨. ಮೇಲಿನ ಆರು ಗೋಷ್ಠಿಗಳ ಚಿತ್ರದಲ್ಲಿ ಧ್ವನಿಗೂ ಅಕ್ಷರರೂಪಕ್ಕೂ ನಡುವೆ ಒಂದು ಗೆರೆಯನ್ನು ಸೇರಿಸಿದರೆ ಲೇಖನದಲ್ಲಿ ಕೊಟ್ಟ ವೇಳಾಪಟ್ಟಿ ಕೆಡುವುದೆ? ಅದರ ಬದಲು ತಿರುಳಿಗೂ ಭಾಷಾಂತರಕ್ಕೂ, ತಿರುಳಿಗೂ ಕೈಪಿಡಿಗೂ ಒಂದೊಂದು ಗೆರೆಯನ್ನು ಸೇರಿಸಿದರೆ ನಾಲ್ಕು ಅವಧಿಗಳೇ ಏಕೆ ಬೇಕಾಗುತ್ತವೆ?

೩. ಚಳಿಗಾಲದಲ್ಲಿ ಬೆಂಗಳೂರು, ಬರ್ಲಿನ್, ಸ್ಯಾನ್ ಫ್ರಾನ್ಸಿಸ್ಕೊ ಈ ಮೂರು ನಗರಗಳಲ್ಲಿಯೂ ಬೆಳಗಿನ ೭ರಿಂದ ರಾತ್ರಿ ೧೦ರೊಳಗೆ ಬೀಳುವಂತೆ ಒಂದು ಗಂಟೆಯ ಕೂಟವನ್ನು ಇಡಲು ಸಾಧ್ಯವೆ? ಬರ್ಲಿನ್ನಿನ ಗಡಿಯಾರ ಆಗ ಬೆಂಗಳೂರಿನದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ.